ಒಂಬತ್ತು ಮಕ್ಕಳ ತಂದೆಯವರ ಸನ್ನಿಧಾನಕ್ಕೆ

ಕಾರ್ಕಳ
12-6-2002

ಶ್ರೀಮದ್ ಗಾರೆಕುಲತಿಲಕ, ಕೆಂಪುಕಲ್ಲು ಜಲ್ಲಿ ಹೊಯ್ಗೆಗಳ ಏಕಚ್ಛತ್ರಾಧಿಪತಿ, ಮಣಿಪಾಲದ ಹನ್ನೊಂದು ಹಾಸ್ಟೆಲು ಹಾಗೂ ನಾಲ್ಕು ನೀರಿನ ಟಾಂಕಿಗಳ ನಿರ್ಮಾತೃ, ಮೂರು ಚಮಚ ಸಕ್ಕರೆಯ ಚಹಾಪ್ರಿಯ, ನವಸಂತಾನಸಂಪನ್ನ ಶ್ರೀ ಶ್ರೀ ಶ್ರೀ ಗುರಲಿಂಗಪ್ಪ ಮೇಸ್ತ್ರಿಯವರ ದಿವ್ಯ ಸನ್ನಿಧಾನಕ್ಕೆ, ಹಿರಿಯ ಮಗಳು ದ್ರಾಕ್ಷಾಯಿಣಿಯು ಬಾಡಿಗೆ ಕೋಣೆಯ ಹೊಸ್ತಿಲ ಮೇಲೆ ಕುಳಿತು ಹಲ್ಲು ಕಚ್ಚಿಕೊಂಡು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಲಿಯೋನೆಲ್ ಅಂಕಲ್, ಮೇಲಿನ ಬಿರುದುಗಳನ್ನು ದಯವಿಟ್ಟು ಗಟ್ಟಿಯಾಗಿ ಓದಿ. ಕಾಂಕ್ರೀಟು ಕಲಸುವವರಿಗೂ ಕೇಳಬೇಕು. ಅಪ್ಪನಿಗೆ ಅಕ್ಷರ ಬಾರದು. ಸೈಟಿನ ಹಾಜರಿ ಬರೆಯುವ ನೀವೇ ಅವನ ಕಣ್ಣು.

ಅಪ್ಪಾ, ನಿನ್ನ ಅರ್ಜಿ ಬಂತು. ನಮ್ಮ ವಿಲ್ಫ್ರೆಡ್ ವಕೀಲರು ಅವ್ವನನ್ನೂ ನನ್ನನ್ನೂ ಕೂರಿಸಿಕೊಂಡು ಓದಿ ಹೇಳಿದರು. ಅವ್ವನಿಗೂ ನಮ್ಮ ನಾಲ್ವರಿಗೂ ಸೇರಿ ತಿಂಗಳಿಗೆ ಸಾವಿರದ ಎಂಟುನೂರು ಜೀವನಾಂಶ ಕೊಡಬೇಕೆಂದು ಕಳೆದ ವರ್ಷ ಕೋರ್ಟು ಹೇಳಿತ್ತು. ಈಗ ಅದನ್ನು ಆರುನೂರಕ್ಕೆ ಇಳಿಸಬೇಕೆಂದು ನಿನ್ನ ಪ್ರಾರ್ಥನೆ. ಕಾರಣವನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ: “ಅರ್ಜಿದಾರನಿಗೆ ಒಟ್ಟು ಒಂಬತ್ತು ಮಕ್ಕಳಿದ್ದು, ಆ ಪೈಕಿ ಐವರ ಅನ್ನ, ಬಟ್ಟೆ, ವಿದ್ಯಾಭ್ಯಾಸದ ಭಾರ ಪೂರ್ತಿ ಅವನ ಮೇಲಿರುತ್ತದೆ.”

ಒಂಬತ್ತು! ನವಗ್ರಹ, ನವಧಾನ್ಯ, ನವರಾತ್ರಿ, ಅದರ ಸಾಲಿಗೆ ಈಗ ನಾವು.

ನಾನು, ಸಿದ್ದಣ್ಣ, ನೀಲವ್ವ, ಶಂಕ್ರವ್ವ. ನಾಲ್ಕಾಯಿತು. ಕಾಪುವಿನ ಪುಷ್ಪಾವತಿಯವರ ಮೂವರು ಇದ್ದಾರೆಂಬುದೂ ಗೊತ್ತು. ಎರಡು ವರ್ಷದ ಹಿಂದೆ ಅದು ತಿಳಿದ ದಿನವೇ ಅವ್ವ ನಿನ್ನ ಗಾರೆ ಮೆತ್ತುವ ಕರಣೆಯನ್ನು ಬಾವಿಗೆ ಎಸೆದಳು, ನೀನು ಚೀಲ ಹೆಗಲಿಗೇರಿಸಿ ಮಣಿಪಾಲದ ಬಸ್ಸು ಹತ್ತಿದೆ. ಏಳಾಯಿತು. ಆದರೆ ಅರ್ಜಿಯಲ್ಲಿ ಇನ್ನೂ ಇಬ್ಬರಿದ್ದಾರೆ: “ಯಮನೂರ, ಮಹಾಲಕ್ಷ್ಮಿ, ಅವಳಿ ಮಕ್ಕಳು, ವಯಸ್ಸು ಏಳು.” ಇದನ್ನು ಕೇಳಿದ ಅವ್ವ ಆಫೀಸಿನಲ್ಲೇ ಎದ್ದು ನಿಂತು, “ಇವನ್ನ ಯಾವಾಕಿ ಹಡದಾಳ? ಆಕಿ ಊರು ಹೇಳ್ರಿ ಮೊದಲ!” ಎಂದು ಕೂಗಿದಳು. ಹೊರಗೆ ಬಾಗಿಲಲ್ಲಿದ್ದ ಕಕ್ಷಿದಾರರೆಲ್ಲ ಒಳಗೆ ಇಣುಕಿದರು.

ಆರುನೂರಾದರೆ ಏನಾಗುತ್ತದೆ, ಹೇಳುತ್ತೇನೆ ಕೇಳು. ನಾನು ಪಿಯುಸಿ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುತ್ತೇನೆ. ಅವ್ವ ಅಲ್ಲಿಯವರಿಗೆ ಹೇಳಿಟ್ಟೂ ಆಗಿದೆ. ಗೇರಿನ ಸೊನೆ ತಾಗಿದ ಕೈಯನ್ನು ನೀನು ನೋಡಿದ್ದೀ. ಈ ಸಾಲಿನ ಇಪ್ಪತ್ತು ಮನೆಗಳ ರೇಷನ್ ಅರ್ಜಿ, ಮನಿಯಾರ್ಡರ್, ಶಾಲೆಯ ರಜೆ ಚೀಟಿ ಎಲ್ಲವನ್ನೂ ಬರೆಯುವ ಕೈ ನನ್ನದು. ಅದಕ್ಕೆ ಕಪ್ಪು ಸೊನೆ ಹಚ್ಚುವ ಮೊದಲು ಆ ಅವಳಿಗಳು ಎಲ್ಲಿದ್ದಾರೆಂದು ಹೇಳು. ಅಕ್ಕನಾದವಳು ಒಂದು ಸಲ ನೋಡಬೇಡವೇ?

ತಮ್ಮ ಪಾದಧೂಳಿಯನ್ನು ಅಂಚೆಯಲ್ಲಿ ಕಳಿಸಿದರೆ ಗೋಡೆಗೆ ಸಾರಣೆ ಮಾಡಿಕೊಳ್ಳುವ,
ನವರತ್ನಗಳಲ್ಲಿ ಮೊದಲನೆಯ
ದ್ರಾಕ್ಷಾಯಿಣಿ

*

ಕಾರ್ಕಳ
20-6-2002

ಉಡುಪಿ ಜಿಲ್ಲಾ ಗುರಲಿಂಗಪ್ಪ ಸಂತಾನ ಮಹಾಸಂಘ
ಕೇಂದ್ರ ಕಚೇರಿ: ಕಾರ್ಕಳ. ಶಾಖೆ: ಕಾಪು. ಮೂರನೆಯ ಶಾಖೆಯನ್ನು ಹುಡುಕಲಾಗುತ್ತಿದೆ.

ಕುಮಾರಿ ಕುಶಲಾ ಅವರಿಗೆ,

ಸಂಘದ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಜವಾನಳಾದ ದ್ರಾಕ್ಷಾಯಿಣಿ ಬರೆಯುವುದೇನೆಂದರೆ, ನಿಮ್ಮ ವಿಳಾಸ ನಮ್ಮಪ್ಪ ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಸಿಕ್ಕಿತು. ನೀವು, ನಿಮ್ಮ ತಮ್ಮ ಯಶ್ವಂತ್, ತಂಗಿ ಧೃತಿ, ಮೂವರ ಹೊಟ್ಟೆ ಬಟ್ಟೆಯ ಖರ್ಚು ಪೂರ್ತಿ ಅವರದೇ ಎಂದು ಅಲ್ಲಿ ಬರೆಸಿದ್ದಾರೆ. ಅಭಿನಂದನೆಗಳು. ನಾವಿಲ್ಲಿ ನಾಲ್ವರು ಎರಡು ಹಾಸಿಗೆಯಲ್ಲಿ ಮಲಗುತ್ತೇವೆ. ಸಿದ್ದಣ್ಣನ ಚಡ್ಡಿಯ ಹಿಂಭಾಗದಲ್ಲಿ ಸಿಮೆಂಟು ಕಂಪನಿಯ ಹೆಸರು ಈಗಲೂ ಓದಲು ಬರುತ್ತದೆ.

ಆದ್ದರಿಂದ ಸಂಘದ ಪ್ರಶ್ನೆಗಳು: ನಮ್ಮ ಪಾಲಿನ ಅನ್ನ ರುಚಿಯಾಗಿದೆಯೇ? ಉಪ್ಪು ಸರಿಯಾಗಿದೆಯೇ? ಅವಳಿಗಳು ನಿಮ್ಮ ಮನೆಯಲ್ಲೇ ಉಣ್ಣುತ್ತಾರೋ, ಬೇರೆ ಕಡೆಯೋ?

ಉತ್ತರ ಬಾರದಿದ್ದರೆ ಸಂಘವು ಎಲ್ಲ ಪದಾಧಿಕಾರಿಗಳೊಂದಿಗೆ ನಿಮ್ಮ ಅಂಗಳಕ್ಕೆ ಬಂದು ಊಟಕ್ಕೆ ಕೂರುವುದು.

ಮೊಹರು ಕೆಳಗಿದೆ.
ದ್ರಾಕ್ಷಾಯಿಣಿ

*

ಕಾಪು
1-7-2002

ದ್ರಾಕ್ಷಾಯಿಣಿಯವರಿಗೆ,

ನಿಮ್ಮ ಕಾಗದ ಸಿಕ್ಕಿತು. ಮೊಹರು ಬೆಂಡೆಕಾಯಿಯದ್ದೆಂದು ಧೃತಿಗೂ ಗೊತ್ತಾಯಿತು. ಅವಳು ಒಂದನೇ ಕ್ಲಾಸು.

ನಿಮಗೆ ಎಂತ, ತಲೆ ಸರಿ ಉಂಟಾ? ಯಾರ ಅನ್ನ ಯಾರು ತಿಂದದ್ದು? ಘಟ್ಟದ ಮೇಲೆ ಹೇಗೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಯವರು. ಅಮ್ಮನ ಬಳಿ, ಅಂದರೆ ಕುಲ, ಯಾವುದೋ ನಮ್ಮದೂ ಅದೇ. ಈ ಮನೆ ಅಜ್ಜಿಯದ್ದಾಗಿತ್ತು, ಈಗ ಅಮ್ಮನದ್ದು, ಮುಂದೆ ನನ್ನದು ಮತ್ತು ಧೃತಿಯದ್ದು. ನಮ್ಮನ್ನು ಸಾಕುವವರು ಹೂವಪ್ಪ ಮಾವ, ಅಮ್ಮನ ಅಣ್ಣ. ಅವರ ದೋಣಿ ಉಂಟು. ಅಮ್ಮ ಬುಟ್ಟಿ ಹೊತ್ತು ಉಚ್ಚಿಲದವರೆಗೆ ಮೀನು ಮಾರುತ್ತಾರೆ. ಮಾವನ ಮನೆ ಕಟ್ಟಲು ಬಂದ ನಿಮ್ಮ ಅಪ್ಪನನ್ನು ಅಮ್ಮ ಮೆಚ್ಚಿದ್ದು ಹೌದು. ಊರಲ್ಲಿ ಹೆಂಡತಿ ಇಲ್ಲ ಎಂದು ಅವರು ಹೇಳಿದ್ದೂ ಹೌದು. ನೀವು ಇದ್ದದ್ದು ಊರಲ್ಲಿ ಅಲ್ಲ, ಕಾರ್ಕಳದಲ್ಲಿ. ಹಾಗಾಗಿ ಅದು ಸುಳ್ಳಲ್ಲ ಅಂತೆ. ಇದು ಅವರದ್ದೇ ಮಾತು!

ತಿಂಗಳಿಗೆ ಎರಡು ಆದಿತ್ಯವಾರ ಬರುತ್ತಾರೆ. ಒಂದು ಪೊಟ್ಟಣ ಖಾರಕಡ್ಡಿ ತರುತ್ತಾರೆ. ಬಂಗುಡೆ ಗಸಿಯಲ್ಲಿ ಊಟ ಮಾಡುತ್ತಾರೆ, ಮೂರು ಚಮಚ ಸಕ್ಕರೆ ಹಾಕಿದ ಚಾ ಕುಡಿಯುತ್ತಾರೆ, ಯಶ್ವಂತನ ತಲೆ ಸವರಿ ಹೋಗುತ್ತಾರೆ. ಅಕ್ಕಿ ನಮ್ಮದು, ಬಂಗುಡೆ ನಮ್ಮದು, ಸಕ್ಕರೆ ನಮ್ಮದು. ಇನ್ನು ನೀವೇ ಹೇಳಿ, ಯಾರು ಯಾರನ್ನು ಸಾಕಿದ್ದು?

ಅವಳಿಗಳ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಅಮ್ಮ ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತರು. ಇಂತಹ ತಮಾಷೆಯ ಕಾಗದ ಇನ್ನೊಮ್ಮೆ ಬರೆಯಬೇಡಿ.

ಕುಶಲಾ
ಹತ್ತನೇ ತರಗತಿ

*

ಮಣಿಪಾಲ
7-7-2002

ಚಿರಂಜೀವಿ ದ್ರಾಕ್ಷಾಯಿಣಿಗೆ ನಿಮ್ಮಪ್ಪ ಮಾಡುವ ಆಶೀರ್ವಾದ. ಲಿಯೋನೆಲ್ ಸಾಹೇಬ್ರು ನಾ ಹೇಳಿದ್ದನ್ನ ಹೇಳಿದಂಗ ಬರೀತಾರ.

ನಿನ್ನ ಕಾಗದ ಓದಿಸಿ ಕೇಳಿದೆ. ಸೈಟಿನ ಮಂದಿ ಎಲ್ಲಾ ನಕ್ಕರು. ನಾನೂ ನಕ್ಕೆ. ಆಮ್ಯಾಲ ನಗು ಬರಲಿಲ್ಲ.

ಶಿವರಾತ್ರಿ ಮುಂದ ಕಟ್ಟಡದ ಸಾರವಿ ಮ್ಯಾಲಿಂದ ಬಿದ್ದೆ. ಎಡಗಾಲು ಮೊದಲಿನಂಗ ಮಡಚವಲ್ದು. ಮ್ಯಾಲ ಹತ್ತೂದು ಆಗೂದಿಲ್ಲ, ಕೆಳಗ ಕುಂತು ಕಲ್ಲು ಕೆತ್ತತೀನಿ. ಕೂಲಿ ಅರ್ಧ ಆಗೇತಿ. ಅದನ್ನ ವಕೀಲರಿಗೆ ಹೇಳಿದೆ. ಕಾಲಿನ ಮಾತು ಕೋರ್ಟಿನ್ಯಾಗ ನಿಲ್ಲೂದಿಲ್ಲ, ಮಕ್ಕಳ ಮಾತು ನಿಲ್ಲತೈತಿ ಅಂದ್ರು. ಯಾವುದೋ ಕಾಗದ ನೋಡಿ ಅವರs ಎಣಿಸಿದ್ರು, ಒಂಬತ್ತು ಅಂದ್ರು. ಓದಿದವರು ಎಣಿಸ್ಯಾರಂತ ಹೆಬ್ಬೆಟ್ಟು ಒತ್ತಿದೆ. ಆ ಅವಳಿ ಹುಡುಗರು ಯಾರವೋ ನನಗ ತಿಳೀವಲ್ದು. ನಾ ಹೇಳಿದ್ರ ನಿಮ್ಮವ್ವ ನಂಬತಾಳೇನು?

ಕಾರ್ಖಾನಿಗೆ ಹೋಗಬ್ಯಾಡ. ಬರೀತಿರು.

ಗುರಲಿಂಗಪ್ಪ (ಹೆಬ್ಬೆಟ್ಟಿನ ಗುರುತು)

ಇದು ನಾನು ಲಿಯೋನೆಲ್ ಬರೆಯುವುದು. ಬಿದ್ದದ್ದು ಹೌದು ಮಾರಾಯ್ತಿ, ಎತ್ತಿ ರಿಕ್ಷಾಕ್ಕೆ ಹಾಕಿದ್ದು ನಾನೇ. ಮತ್ತೆ, ಬಿರುದು ಇನ್ನೂ ಸ್ವಲ್ಪ ಉದ್ದ ಇದ್ದರೂ ಅಡ್ಡಿಯಿಲ್ಲ.

*

ಕಾರ್ಕಳ
15-7-2002

ಪತನವೀರ ಮಹಾಸ್ವಾಮಿಗಳಿಗೆ,

ಕೋರ್ಟಿನ ದಿನ ಹತ್ತಿರ ಬಂದರೆ ಈ ಜಿಲ್ಲೆಯ ಎಲ್ಲ ಮೇಸ್ತ್ರಿಗಳೂ ಸಾರವೆಯಿಂದ ಬೀಳುತ್ತಾರೆಂದು ವಿಲ್ಫ್ರೆಡ್ ವಕೀಲರು ಹೇಳಿದರು. ಕಾಲು ಮಡಚುವುದಿಲ್ಲವೇ? ಕಾಪುವಿನ ಬಸ್ಸಿನ ಮೆಟ್ಟಿಲು ಹತ್ತುವಾಗ ಮಾತ್ರ ಮಡಚುತ್ತದೆಯಂತಲ್ಲ! ಅಲ್ಲಿಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಬಂಗುಡೆಯ ಮುಳ್ಳು ಬಿಡಿಸುವಾಗ? ಅವ್ವನ ಮನೆಯಲ್ಲಿ ಮೊಟ್ಟೆ ಬೇಯಿಸಿದರೆ ಪಾತ್ರೆ ಬೇರೆ ಇಡಿಸುತ್ತಿದ್ದ ಪುಣ್ಯಾತ್ಮ ನೀನು.

ಅವ್ವ ಮೊನ್ನೆ ಕೆಲಸ ಬಿಟ್ಟು ಮಣಿಪಾಲಕ್ಕೆ ಬಂದಿದ್ದಳು. ನಿನ್ನ ಹತ್ತಿರವಲ್ಲ. ನಮ್ಮ ಕಡೆಯವರ ಶೆಡ್ಡುಗಳನ್ನೆಲ್ಲ ಒಂದೊಂದಾಗಿ ಹೊಕ್ಕು, “ಏಳು ವರ್ಷದ ಅವಳಿ ಹುಡುಗರದಾವೇನ್ರವ್ವ ಇಲ್ಲಿ?” ಎಂದು ಕೇಳುತ್ತ ಮಳೆಯಲ್ಲಿ ತಿರುಗಿದಳು. ಒಂದು ಶೆಡ್ಡಿನಲ್ಲಿ ನಿಜವಾಗಿಯೂ ಅವಳಿಗಳಿದ್ದವು. ಅವುಗಳ ಗದ್ದ ಹಿಡಿದು, ಮೂಗು ನಿನ್ನದೇ ಎಂದು ಜಗಳಕ್ಕೇ ನಿಂತಳಂತೆ. ಅವು ಗಂಗಾವತಿ ಕಡೆಯ ಒಬ್ಬ ಡ್ರೈವರನ ಮಕ್ಕಳು. ಬರುವಾಗ ಜ್ವರ ತಂದಳು. ಇದಕ್ಕೂ ನೀನೇ ಕಾರಣ. ಎಲ್ಲದಕ್ಕೂ ನೀನೇ ಕಾರಣ. ಬೇರೆ ಯಾರೂ ಅಲ್ಲ, ನೀನೇ.

ಬಿರುದು ಬೇಕಂತೆ ಬಿರುದು. ಇವತ್ತು ಇಷ್ಟೇ.

ದ್ರಾಕ್ಷಾಯಿಣಿ

*

ಕಾರ್ಕಳ
18-7-2002

ಕುಶಲಾ,

ತಪ್ಪಾಯಿತು. ನಿಮ್ಮಲ್ಲಿ ಹೀಗೆ ಎಂದು ನನಗೆ ತಿಳಿದಿರಲಿಲ್ಲ. ನಮ್ಮಲ್ಲಿ ಎಲ್ಲ ಅಪ್ಪನ ಹೆಸರಿಗೇ. ಅಪ್ಪ ಸಾಕದಿದ್ದರೂ ಸಾಕಿದ ಹೆಸರು ಅವನದೇ. ಆ ಕಣ್ಣಿನಿಂದಲೇ ನಿಮ್ಮನ್ನು ನೋಡಿದೆ.

ಈಗ ತಮಾಷೆ ಬಿಟ್ಟು ಕೇಳುತ್ತೇನೆ. ಸೆಪ್ಟೆಂಬರ್ ಆರಕ್ಕೆ ಕಾರ್ಕಳದ ಕೋರ್ಟಿನಲ್ಲಿ ವಿಚಾರಣೆ. “ನಮ್ಮ ಮಕ್ಕಳಿಗೆ ಇವರು ಏನೂ ಕೊಡುತ್ತಿಲ್ಲ” ಎಂದು ನಿಮ್ಮಮ್ಮ ಬಂದು ಒಂದು ಮಾತು ಹೇಳಿದರೆ ನಾನು ಓದುತ್ತೇನೆ. ಹೇಳದಿದ್ದರೆ ಕಾರ್ಖಾನೆಗೆ ಹೋಗುತ್ತೇನೆ. ನಡುವೆ ಬೇರೆ ದಾರಿಯಿಲ್ಲ.

ಸಂಘವನ್ನು ವಿಸರ್ಜಿಸಲಾಗಿದೆ. ಬೆಂಡೆಕಾಯಿಯನ್ನು ಪಲ್ಯ ಮಾಡಲಾಗಿದೆ.

ದ್ರಾಕ್ಷಾಯಿಣಿ

*

ಕಾಪು
9-8-2002

ದ್ರಾಕ್ಷಾಯಿಣಿ ಅಕ್ಕನಿಗೆ,

ಅಮ್ಮ ಮೊದಲು ಆಗುವುದೇ ಇಲ್ಲ ಎಂದರು. ಕೋರ್ಟಿನ ಕಟಕಟೆ ಹತ್ತಿ ಗಂಡನ ಸುದ್ದಿ ಹೇಳಿದರೆ ನಾಳೆ ಉಚ್ಚಿಲದಲ್ಲಿ ಮೀನು ಕೊಳ್ಳುವವರು ಮೀನು ನೋಡುವುದಿಲ್ಲ, ಮುಖ ನೋಡುತ್ತಾರೆ ಅಂತ.

ಆದರೆ ಹೂವಪ್ಪ ಮಾವನಿಗೆ ವಿಷಯ ಗೊತ್ತಾಯಿತು. ಮಳೆಗಾಲ ಅಲ್ವಾ, ದೋಣಿ ದಡದ ಮೇಲೆ ಉಂಟು, ಮಾವ ಬಲೆ ಹೊಲಿಯುತ್ತ ಮನೆಯಲ್ಲೇ ಇದ್ದರು. ನಾನು ಕಾಗದ ಓದಿದ ಕೂಡಲೇ ಬಲೆ ಬಿಸಾಡಿ ಎದ್ದರು. “ಎಂತ? ನಮ್ಮ ಮನೆಯ ಮಕ್ಕಳು ಅವನ ಅನ್ನ ತಿನ್ನುವುದು ಅಂತ ಸರಕಾರದ ಪುಸ್ತಕದಲ್ಲಿ ಬರೆದದ್ದಾ? ಹಾಗಾದರೆ ನಾನು ಇಷ್ಟು ವರ್ಷ ಕಡಲಿಗೆ ಹೋದದ್ದು ಎಂತಕ್ಕೆ, ನೀರು ನೋಡ್ಲಿಕ್ಕಾ?” ಎಂದು ಗದ್ದಲ ಮಾಡಿದರು. ನಿಮ್ಮ ಅಪ್ಪ ಇನ್ನೊಂದು ಮನೆ ಮಾಡಿದ್ದಕ್ಕೆ ಮಾವನಿಗೆ ಇಷ್ಟು ಕೋಪ ಬಂದಿರಲಿಲ್ಲ. ಅವರೇ ಅಮ್ಮನನ್ನು ಕರೆದುಕೊಂಡು ಬರುತ್ತಾರೆ.

ಅವಳಿಗಳ ವಿಷಯ ಕೇಳಿದ ಮೇಲೆ ಅಮ್ಮ ಮತ್ತೊಂದು ಮಾಡಿದರು. ಮೊನ್ನೆ ನಿಮ್ಮ ಅಪ್ಪ ಬಂದಾಗ ಬಾಗಿಲು ತೆಗೆಯಲಿಲ್ಲ. “ಎರಡು ಮನೆ ಅಂತ ಗೊತ್ತಿದ್ದೂ ಸುಮ್ಮನೆ ಇದ್ದೆ. ಮೂರು ಅಂದ್ರೆ ನಾನು ಎಂತ, ಬಸ್ ಸ್ಟ್ಯಾಂಡಾ?” ಎಂದು ಒಳಗಿನಿಂದಲೇ ಹೇಳಿದರು. ಅವರು ಜಗಲಿಯಲ್ಲಿ ಖಾರಕಡ್ಡಿಯ ಪೊಟ್ಟಣ ಇಟ್ಟು ಹೋದರು. ಕುಂಟುತ್ತಾ ಹೋದರು, ಅದು ಹೌದು.

ನನಗೆ ಪರೀಕ್ಷೆ ಉಂಟು, ಬರಲಾಗುವುದಿಲ್ಲ. ಏನಾಯಿತೆಂದು ಬರೆಯಿರಿ.

ಕುಶಲಾ

*

ಕಾರ್ಕಳ
7-9-2002

ವಿಜಯೋತ್ಸವದ ಕಾಗದ. ಕುಶಲಾ, ನಿಂತುಕೊಂಡು ಓದು.

ನಮ್ಮವ್ವ, ನಿಮ್ಮಮ್ಮ ಕೋರ್ಟಿನ ಜಗಲಿಯಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕುಳಿತಿದ್ದರು. ಆಮೇಲೆ ನಮ್ಮವ್ವ ರೊಟ್ಟಿಯ ಗಂಟು ಬಿಚ್ಚಿ, “ತಗೋರಿ ಅಕ್ಕಾರ, ಶೇಂಗಾ ಚಟ್ನಿ ಐತಿ” ಅಂದಳು. ಹನ್ನೊಂದು ಗಂಟೆಯ ಹೊತ್ತಿಗೆ ಇಬ್ಬರೂ ಸೇರಿ ಆ ಮೂರನೆಯವಳನ್ನು ಬೈಯುತ್ತಿದ್ದರು, ಒಬ್ಬರು ನಮ್ಮ ಭಾಷೆಯಲ್ಲಿ, ಒಬ್ಬರು ತುಳುವಿನಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಎಲ್ಲಿ ತಲೆಯಾಡಿಸಬೇಕೆಂದು ಇಬ್ಬರಿಗೂ ಗೊತ್ತಿತ್ತು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದುಹೋದೆ.

ಒಳಗೆ ಅಪ್ಪನ ವಕೀಲರು ನಿಮ್ಮಮ್ಮನಿಗೆ, “ಇವರು ನಿಮ್ಮ ಮಕ್ಕಳಿಗೆ ಅನ್ನ ಹಾಕುತ್ತಿರುವುದು ನಿಜವೋ ಅಲ್ಲವೋ?” ಎಂದು ಕೇಳಿದರು. ಅವರು ಸೆರಗು ಬಿಗಿದುಕೊಂಡು, “ಇವರು ನನ್ನ ಮಕ್ಕಳಿಗೆ ಹಾಕಿದ್ದಾ? ಇವರಿಗೇ ನಾನು ಹಾಕಿದ್ದು ಸ್ವಾಮಿ” ಎಂದರು. ಹಿಂದೆ ನಿಂತಿದ್ದ ಹೂವಪ್ಪ ಮಾವ, “ಸಾಕುವವ ನಾನು. ಬೇಕಾದ್ರೆ ಇವರನ್ನೂ ಬರ್ಕೊಳ್ಳಿ, ನಾಲ್ಕನೆಯದ್ದು!” ಎಂದುಬಿಟ್ಟರು. ನ್ಯಾಯಾಧೀಶರಮ್ಮ ಮೇಜು ತಟ್ಟಿ ಇಬ್ಬರನ್ನೂ ಹೊರಗೆ ಕಳಿಸಬೇಕಾಯಿತು.

ಆಮೇಲೆ ಅವರು ಅಪ್ಪನಿಗೆ, “ನಿನ್ನ ಒಂಬತ್ತು ಮಕ್ಕಳ ಹೆಸರು ಹೇಳಪ್ಪ” ಎಂದರು. ಅಪ್ಪ ಬೆರಳು ಮಡಚತೊಡಗಿದ. ದ್ರಾಕ್ಷಾಯಿಣಿ, ಸಿದ್ದಣ್ಣ, ನೀಲವ್ವ, ಶಂಕ್ರವ್ವ. ಕುಶಲಾ, ಯಶ್ವಂತ್, ಧೃತಿ. ಅಲ್ಲಿಗೆ ನಿಂತ. ಎಂಟನೆಯ ಬೆರಳು ಹಾಗೇ ನೆಟ್ಟಗಿತ್ತು. “ಮುಂದೆ?” ಎಂದರು. ಅಪ್ಪ ಬೆರಳನ್ನೇ ನೋಡುತ್ತಿದ್ದ. ಅವನ ವಕೀಲರು ರೇಷನ್ ಕಾರ್ಡಿನ ಅರ್ಜಿಯ ನಕಲು ತೆಗೆದು ಎರಡು ಹೆಸರು ಓದಿದರು. ಆ ಮಕ್ಕಳು ಎಲ್ಲಿ, ತಾಯಿ ಯಾರು ಎಂದು ಕೇಳಿದರೆ ವಕೀಲರಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಅಪ್ಪ ಆಮೇಲೆ ಏನೋ ಒಂದು ಮಾತು ಹೇಳಿದ. ಅದು ಈ ಚರಿತ್ರೆಗೆ ಅಗತ್ಯವಿಲ್ಲ.

ಇಲ್ಲದ ಮಕ್ಕಳನ್ನು ತೋರಿಸಿ ಇರುವ ಮಕ್ಕಳ ಅನ್ನ ಕಿತ್ತುಕೊಳ್ಳಲು ಬಂದವನ ಬೇರೆ ಯಾವ ಮಾತನ್ನೂ ನಂಬಲಾಗದು ಎಂದು ನ್ಯಾಯಾಧೀಶರು ಹೇಳಿದರು. ಕಾಲಿನ ಮಾತೂ ಅದರಲ್ಲೇ ಹೋಯಿತು. ಅರ್ಜಿ ವಜಾ. ಸಾವಿರದ ಎಂಟುನೂರು ಹಾಗೇ ನಿಂತಿತು.

ನಾನು ಗೆದ್ದೆ. ಜಯ ಜಯ.

ದ್ರಾಕ್ಷಾಯಿಣಿ

*

ಕಾಪು
2-11-2002

ಅಕ್ಕಾ,

ಎರಡು ತಿಂಗಳಾಯಿತು, ನಿನ್ನ ಕಾಗದ ಇಲ್ಲ. ಗೆದ್ದವರು ಇಷ್ಟು ಸುಮ್ಮನೆ ಇರುವುದುಂಟಾ?

ಅಪ್ಪ ಈಗಲೂ ಆದಿತ್ಯವಾರ ಬರುತ್ತಾರೆ. ಅವಳಿಗಳು ಇಲ್ಲ ಅಂತ ಕೋರ್ಟು ಹೇಳಿದ್ದನ್ನು ಅಮ್ಮ ನಂಬುವುದಿಲ್ಲ, ಬಾಗಿಲು ತೆಗೆಯುವುದಿಲ್ಲ. ತೆಂಗಿನಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಕಳೆದ ವಾರ ನಾನೇ ಹೋಗಿ ಕೇಳಿದೆ: “ಅವಳಿಗಳು ಇಲ್ಲ ಅಂತ ಒಂದು ಮಾತು ಅಮ್ಮನಿಗೆ ಹೇಳಬಾರದಾ? ಹೆಸರು ಕಾರ್ಡಿಗೆ ಹೇಗೆ ಬಂತು ಅಂತ ಹೇಳಿದರೆ ಮುಗೀತಲ್ವಾ?” ಅವರು ನಕ್ಕರು. “ಹೋಗ್ಲಿ ಬಿಡವ್ವ, ಅದು ನಂದs” ಅಂದರು.

ಅವರದ್ದು ಹೌದಾದರೆ ಬೆರಳು ಯಾಕೆ ನಿಂತಿತು, ಅಕ್ಕ? ಅಮ್ಮ ರಾತ್ರಿ ಸರಿಯಾಗಿ ಊಟ ಮಾಡುವುದಿಲ್ಲ. ನಿನಗೆ ಎಂತಾದರೂ ಗೊತ್ತುಂಟಾ?

ಕುಶಲಾ

*

ಕಾರ್ಕಳ
10-11-2002

ಶ್ರೀಮದ್ ಗಾರೆಕುಲತಿಲಕ, ಹನ್ನೊಂದು ಹಾಸ್ಟೆಲುಗಳ ನಿರ್ಮಾತೃ, ಸಪ್ತಸಂತಾನಸಂಪನ್ನ, ಎರಡು ಕಡಿತಗೊಂಡಿರುವ ಶ್ರೀ ಗುರಲಿಂಗಪ್ಪ ಮೇಸ್ತ್ರಿಯವರಿಗೆ,

ಮೊದಲು ಇದನ್ನು ಕೇಳಿಕೋ. ನನ್ನ ಸಿಟ್ಟು ಇಳಿದಿಲ್ಲ. ಹದಿನೈದು ವರ್ಷ ಎರಡು ಮನೆಗೆ ಎರಡು ಮುಖ ತೋರಿಸಿದ್ದು ನೀನು. ಅವ್ವನಿಗೆ ಸುಳ್ಳು, ಪುಷ್ಪಾವತಿಯವರಿಗೆ ಸುಳ್ಳು. ಮಕ್ಕಳನ್ನು ಹುಟ್ಟಿಸುವಾಗ ನೆನಪಾಗದ ಅನ್ನ, ಕೋರ್ಟಿಗೆ ಬಂದಾಗ ನೆನಪಾಯಿತು ನಿನಗೆ. ಕಾಲು ಮುರಿದವನು ಬಂದು ಕಾಲು ತೋರಿಸಬಹುದಿತ್ತು. ಅದರ ಬದಲು ಮಕ್ಕಳ ಎಣಿಕೆ ಮಾಡಿಸಿದೆ. ನಾಲ್ವರ ತಟ್ಟೆಯಿಂದ ತೆಗೆಯಲು ಐವರ ಹೆಸರು ಹೇಳಿದೆ. ಇದನ್ನು ನಾನು ಮರೆಯುವುದಿಲ್ಲ. ನೀನು ಸತ್ತರೂ ಮರೆಯುವುದಿಲ್ಲ.

ಲಿಯೋನೆಲ್ ಅಂಕಲ್, ಇಲ್ಲಿಂದ ಮುಂದೆ ಮೆಲ್ಲಗೆ ಓದಿ. ಅಪ್ಪನೊಬ್ಬನಿಗೇ ಕೇಳಲಿ.

ಕಾರ್ಡಿನ ಅರ್ಜಿಯನ್ನು ಅಷ್ಟು ಹೊತ್ತು ನೋಡಿ ನ್ಯಾಯಾಧೀಶರು, “ಇದನ್ನು ಬರೆದವರು ಯಾರು?” ಎಂದು ಕೇಳಿದರಲ್ಲ, ಆಗ ನೀನು ತಲೆ ತಿರುಗಿಸಿ ನನ್ನನ್ನು ನೋಡಿದೆ. ಈ ಸಾಲಿನ ಇಪ್ಪತ್ತು ಮನೆಗಳ ಅರ್ಜಿ ಬರೆದವಳು ಯಾರೆಂದು ನಿನಗೆ ಆ ಕ್ಷಣ ಹೊಳೆಯಿತು. ನನಗದು ಗೊತ್ತಾಯಿತು. ಅವ್ವನೂ ಅಲ್ಲೇ ಇದ್ದಳು. ನೀನು ಮತ್ತೆ ಆ ಕಡೆ ತಿರುಗಿ ಕೈಮುಗಿದು, “ನಾನs ಬರಿಸೀನ್ರಿ ತಾಯಿ, ರೇಷನ್ ಆಸೆಕ್ಕ. ತಪ್ಪು ನಂದs” ಎಂದೆ. ಕುಶಲಾಳಿಗೆ ಬರೆಯುವಾಗ ನಾನು ನುಂಗಿದ ಮಾತು ಅದೇ.

ಯಮನೂರ ನಿಮ್ಮೂರ ಕಡೆಯ ಹೆಸರು. ಮಹಾಲಕ್ಷ್ಮಿಯ ಹೆಸರನ್ನು ಉಚ್ಚಿಲದ ದೇವಸ್ಥಾನದ ಮುಂದೆ ಬಸ್ಸು ನಿಂತಾಗ ಓದಿದ್ದೆ. 1998ರಲ್ಲಿ ಹೊಸ ಕಾರ್ಡಿಗೆ ಅರ್ಜಿ ತುಂಬುವಾಗ ಇಬ್ಬರನ್ನೂ ನಾನೇ ಹೆತ್ತೆ. ಅವಳಿ ಮಾಡಿದರೆ ಹುಟ್ಟಿದ ತಾರೀಖು ಒಂದೇ ಸಾಕಲ್ಲ ಎಂದು ಅವಳಿ ಮಾಡಿದೆ. ಕಾರ್ಡಿನಲ್ಲಿ ಆರು ಮಕ್ಕಳು, ಅವ್ವ ಕೇಳಿದ್ದು ನಾಲ್ವರಿಗೆ. ಉಳಿದ ಎರಡು ನಿನ್ನ ಹತ್ತಿರ ಇರಬೇಕೆಂದು ನಿನ್ನ ವಕೀಲರು ಕೂಡಿಸಿಬಿಟ್ಟರು. ಅರ್ಜಿ ಓದಿದ ದಿನವೇ ನನಗೆ ತಿಳಿದಿತ್ತು. ಅವ್ವ ಜ್ವರದಲ್ಲಿ ಮಲಗಿದಾಗಲೂ ಹೇಳಲಿಲ್ಲ. ಹೇಳಿದ್ದರೆ ಆ ಸುಳ್ಳು ನಿನ್ನದಲ್ಲವೆಂದಾಗಿ ನಿನ್ನ ಕಾಲಿನ ಮಾತು ನಿಲ್ಲುತ್ತಿತ್ತು, ನಾನು ಗೇರುಬೀಜ ಒಡೆಯುತ್ತಿದ್ದೆ.

ಮೂರನೆಯವಳು ಎಂಬವಳೇ ಇಲ್ಲವೆಂದು ಇದೇ ಅಂಚೆಗೆ ಕಾಪುವಿಗೂ ಬರೆದಿದ್ದೇನೆ. ಬರುವ ಆದಿತ್ಯವಾರ ಬಾಗಿಲು ತೆಗೆಯಬಹುದು, ತೆಗೆಯದಿದ್ದರೂ ನ್ಯಾಯವೇ. ಸೋಮವಾರ ವಿಲ್ಫ್ರೆಡ್ ವಕೀಲರ ಹತ್ತಿರ ಹೋಗಿ ಹೇಳುತ್ತೇನೆ. ನಿನ್ನ ಕಾಲಿನ ಡಾಕ್ಟರ ಚೀಟಿ ಇದ್ದರೆ ಲಿಯೋನೆಲ್ ಅಂಕಲ್ ಕೈಯಲ್ಲಿ ಕಳಿಸು. ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಕರಣೆಯ ಹಿಂದೆ ನಾನೂ ಬಾವಿಗೇ.

ಇನ್ನೊಂದೇ ಉಳಿಯಿತು. ರೇಷನ್ ಆಸೆಗೆ ಎಂದೆಯಲ್ಲ, ಅಷ್ಟು ಸರಿಯಲ್ಲ. ಆಗ ಸಕ್ಕರೆಯನ್ನು ತಲೆಗಿಷ್ಟು ಎಂದು ಕೊಡುತ್ತಿದ್ದರು. ಇಪ್ಪತ್ತನೇ ತಾರೀಖಿಗೆ ಡಬ್ಬಿ ತಳ ಕಾಣುತ್ತಿತ್ತು. ಆಮೇಲೆ ಅವ್ವ ನಿನ್ನ ಚಹಾಕ್ಕೆ ಒಂದೇ ಚಮಚ ಹಾಕುತ್ತಿದ್ದಳು, ನೀನು ಏನೂ ಅನ್ನದೆ ಕುಡಿದು ಲೋಟ ಬೋರಲು ಹಾಕಿ ಕೆಲಸಕ್ಕೆ ಹೋಗುತ್ತಿದ್ದೆ. ನಾನು ನೋಡುತ್ತಿದ್ದೆ. ಉಳಿದ ಎರಡು ಚಮಚಕ್ಕೆ ಎರಡು ತಲೆ ಬೇಕಾಗಿತ್ತು.

ದ್ರಾಕ್ಷಾಯಿಣಿ